ಬರ ಬಂದರೂ ನೆರೆ ಬಂದರೂ ಏರುವ ಸಕ್ಕರೆ: ದುರ್ಗದ ಸೀಮೆಯಿಂದ ನಾವು ಕಲಿಯಬೇಕಾದ ಪಾಠ

ಪ್ರಕೃತಿ ವಿಕೋಪ ಸಂಭವಿಸಿದ ಕೂಡಲೇ ಲೆಕ್ಕ ಶುರುವಾಗುತ್ತದೆ. ಸತ್ತವರೆಷ್ಟು, ಬಿದ್ದ ಮನೆಗಳೆಷ್ಟು, ಕೊಚ್ಚಿಹೋದ ದನಕರುಗಳೆಷ್ಟು, ಹಾಳಾದ ಬೆಳೆ ಎಷ್ಟು ಹೆಕ್ಟೇರು? ಪತ್ರಿಕೆಗಳು ಬರೆಯುತ್ತವೆ, ಅಧಿಕಾರಿಗಳು ಪಟ್ಟಿ ಮಾಡುತ್ತಾರೆ, ನಾವು ಓದಿ ಮರುಗುತ್ತೇವೆ. ಆದರೆ ಈ ಯಾವ ಪಟ್ಟಿಗೂ ಸೇರದ ಒಂದು ನಷ್ಟವಿದೆ. ನೀರು ಇಳಿದು, ಶಿಬಿರ ಮುಚ್ಚಿ, ಎಲ್ಲರೂ ಮನೆ ಸೇರಿದ ಮೇಲೆ ಅದು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಒಬ್ಬರ ಕಾಲಿನ ಗಾಯ ಮಾಯದೆ ಬೆರಳು ತೆಗೆಯಬೇಕಾಗುತ್ತದೆ. ಇನ್ನೊಬ್ಬರ ಕಣ್ಣು ಮಂಜಾಗುತ್ತದೆ. ಮತ್ತೊಬ್ಬರ ಮೂತ್ರಪಿಂಡ ಕೈಕೊಡುತ್ತದೆ. ಇದನ್ನು ನೆರೆಯ ಖಾತೆಗಾಗಲಿ ಬರದ ಖಾತೆಗಾಗಲಿ ಯಾರೂ ಬರೆಯುವುದಿಲ್ಲ. "ಅವರಿಗೆ ಮೊದಲೇ ಶುಗರ್ ಇತ್ತಲ್ಲ" ಎಂದು ಹೇಳಿ ಮಾತು ಮುಗಿಸುತ್ತೇವೆ.

ಈ ಮಾತು ಇಷ್ಟಕ್ಕೇ ಮುಗಿಯಬಾರದು ಎಂಬುದೇ ಈ ಲೇಖನದ ಉದ್ದೇಶ. ವಿಕೋಪ ಮತ್ತು ಸಕ್ಕರೆ ಕಾಯಿಲೆಯ ನಂಟನ್ನು ಅರಿಯಲು ನಾವು ಈ ಸಲ ಕರಾವಳಿ ಬಿಟ್ಟು ಘಟ್ಟ ಹತ್ತಿ ಚಿತ್ರದುರ್ಗದ ಕಡೆ ಹೋಗೋಣ. ಮದಕರಿ ನಾಯಕನ ಹೆಸರು ಹೊತ್ತ ಮದಕರಿಪುರ ಇರುವುದು ಅಲ್ಲಿ. ಸುತ್ತಲೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ನಮ್ಮ ಕರಾವಳಿಯಿಂದ ಹೋಗಿ ಆ ಸೀಮೆಯಲ್ಲಿ ಶಾಲೆ, ದವಾಖಾನೆಗಳಲ್ಲಿ ದುಡಿಯುವವರು ಇದ್ದಾರೆ. ಅವರಿಗೆ ಇಲ್ಲಿ ಹೇಳುವುದೇನೂ ಹೊಸತಲ್ಲ. ಆದರೆ ಮಳೆಯನ್ನೇ ವಿಕೋಪವೆಂದು ತಿಳಿದಿರುವ ನಮಗೆ, ಮಳೆ ಬಾರದಿರುವುದೂ ವಿಕೋಪವೆಂದು ಆ ನೆಲ ಕಲಿಸುತ್ತದೆ.

ಒಂದೇ ನೆಲ, ಎರಡು ವಿಕೋಪ

ನಮ್ಮ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಚಿತ್ರದುರ್ಗ ಜಿಲ್ಲೆಗೆ ಬೀಳುವುದು 600 ಮಿ.ಮೀ. ಆಸುಪಾಸು, ಚಳ್ಳಕೆರೆ ಕಡೆ ಅದಕ್ಕಿಂತಲೂ ಕಡಿಮೆ. ಘಟ್ಟದ ಮಳೆ ನೆರಳಿನ ನಾಡು ಅದು. ಕಳೆದ ದಶಕದ ಹೆಚ್ಚಿನ ವರ್ಷಗಳು ಅಲ್ಲಿ ಬರದ ವರ್ಷಗಳೇ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳಲ್ಲಿ ಕೊಳವೆಬಾವಿಗಳು ಬತ್ತಿ, ದಶಕಗಳಿಂದ ಸಾಕಿದ ಅಡಿಕೆ, ತೆಂಗಿನ ಮರಗಳು ಕಣ್ಣೆದುರೇ ಒಣಗಿದವು. ತೋಟ ಉಳಿಸಲು ಸಾಲ ಮಾಡಿ ಟ್ಯಾಂಕರ್ ನೀರು ಹೊಡೆಸಿದವರಿದ್ದಾರೆ.

ಅದೇ ನೆಲದಲ್ಲಿ ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರವಿದೆ. ಜನರ ಬಾಯಲ್ಲಿ ಮಾರಿಕಣಿವೆ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಪೂರ್ಣಗೊಂಡ ಈ ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಜನ ಬಾಗಿನ ಅರ್ಪಿಸಿ ಸಂಭ್ರಮಿಸಿದರು. ಆದರೆ ಆ ವರ್ಷದ ಅತಿವೃಷ್ಟಿ ಬೆಳೆ ಕೊಳೆಸಿತು. ಹಿನ್ನೀರಿನ ಅಂಚಿನ ಹೊಸದುರ್ಗದ ತೋಟಗಳಿಗೂ ನೀರು ಬಂತು. ಸರಿಯಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ, 2023ರ ಸೆಪ್ಟೆಂಬರಿನಲ್ಲಿ, ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಆ ಸಂಖ್ಯೆ ಮುಂದೆ 223ಕ್ಕೆ ಏರಿತು. ಆಗ ರಾಜ್ಯದಲ್ಲಿದ್ದದ್ದೇ 236 ತಾಲ್ಲೂಕುಗಳು. ಚಿತ್ರದುರ್ಗವೂ ಆ ಪಟ್ಟಿಯಲ್ಲಿತ್ತು. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು.

ಅಂದರೆ ಒಬ್ಬ ರೈತ ಮೂರು ವರ್ಷಗಳೊಳಗೆ ಅತಿವೃಷ್ಟಿ, ಅನಾವೃಷ್ಟಿ ಎರಡನ್ನೂ ಕಂಡ. ಆ ರೈತನಿಗೆ ಐವತ್ತೈದು ವರ್ಷ, ಸಕ್ಕರೆ ಕಾಯಿಲೆ ಇದೆ ಎಂದು ಊಹಿಸಿಕೊಳ್ಳಿ. ಈ ಮೂರು ವರ್ಷಗಳಲ್ಲಿ ಅವನ ಮೈಯೊಳಗೆ ಏನೆಲ್ಲ ನಡೆದಿರಬಹುದು?

ಇದು ಅಪರೂಪದ ಊಹೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ, ವಯಸ್ಕರಲ್ಲಿ ಶೇ. 11.4. ನಮ್ಮ ಅಕ್ಕಪಕ್ಕದ ಗೋವಾದಲ್ಲಿ ಶೇ. 26.4, ಕೇರಳದಲ್ಲಿ ಶೇ. 25.5. ಹಳ್ಳಿಗಳಲ್ಲಿ ಪ್ರಮಾಣ ಕಡಿಮೆ, ಶೇ. 8.9. ಆದರೂ ನೂರು ವಯಸ್ಕರಿರುವ ಹಳ್ಳಿಯ ಕೇರಿಯಲ್ಲಿ ಎಂಟೊಂಬತ್ತು ಮಂದಿ ಎಂದಾಯಿತು. ಇದು ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ.

ಮೈಯೊಳಗೆ ಆಗುವುದೇನು?

ಗಾಬರಿಯಾದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತದೆ. ಓಡಲು, ಹೋರಾಡಲು ಶಕ್ತಿ ಬೇಕಲ್ಲವೇ? ಅದಕ್ಕಾಗಿ ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಜೊತೆಗೆ ಇನ್ಸುಲಿನ್ ಕೆಲಸ ಮಾಡುವ ಬಲವೂ ಕುಗ್ಗುತ್ತದೆ. ಆರೋಗ್ಯವಂತರಲ್ಲಿ ಇದು ಬೇಗನೆ ಸರಿಹೋಗುತ್ತದೆ. ಮಧುಮೇಹ ಇರುವವರಲ್ಲಿ ಏರಿದ ಸಕ್ಕರೆ ಏರಿಯೇ ಇರುತ್ತದೆ. ಭಯ ಒಂದು ರಾತ್ರಿಯದಾದರೆ ಬೇರೆ ಮಾತು. ಸಾಲದ ಚಿಂತೆ, ನಿದ್ದೆಯಿಲ್ಲದ ರಾತ್ರಿ ತಿಂಗಳುಗಟ್ಟಲೆ ನಡೆದರೆ ಸಕ್ಕರೆಯೂ ತಿಂಗಳುಗಟ್ಟಲೆ ಏರಿರುತ್ತದೆ.

ಎರಡನೆಯದು ಊಟ. ಪರಿಹಾರ ಶಿಬಿರದಲ್ಲಿ ಸಿಗುವುದೇನು? ಅನ್ನ, ಉಪ್ಪಿಟ್ಟು, ಅವಲಕ್ಕಿ, ಬ್ರೆಡ್ಡು, ಬಿಸ್ಕತ್ತು, ಸಕ್ಕರೆ ಹಾಕಿದ ಚಹಾ. ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ತರಕಾರಿ, ಬೇಳೆ, ಮೊಟ್ಟೆ ಕಡಿಮೆಯಾಗಿ ಬರೀ ಹಿಟ್ಟಿನ ಪದಾರ್ಥವೇ ಹೊಟ್ಟೆ ಸೇರಿದಾಗ ಸಕ್ಕರೆ ಏರದೆ ಇನ್ನೇನಾದೀತು?

ಮೂರನೆಯದು ಔಷಧ. ಮನೆಗೆ ನೀರು ನುಗ್ಗಿದಾಗ ಉಟ್ಟ ಬಟ್ಟೆಯಲ್ಲಿ ಓಡಿದವರ ಮಾತ್ರೆ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ಚೀಟಿ ಒದ್ದೆಯಾಗುತ್ತದೆ. "ಯಾವ ಮಾತ್ರೆ ತಗೊಳ್ತಿದ್ರಿ?" ಎಂದು ಶಿಬಿರದ ವೈದ್ಯರು ಕೇಳಿದರೆ, "ಬಿಳೀ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು" ಎಂಬ ಉತ್ತರ. ಬಿಳೀ ಮಾತ್ರೆಗಳು ಎಷ್ಟಿಲ್ಲ!

ಸಕ್ಕರೆ ಏರುವುದೊಂದೇ ಅಪಾಯವೆಂದು ತಿಳಿಯಬಾರದು. ಇಳಿಯುವುದು ಇನ್ನೂ ಬೇಗ ಕೊಲ್ಲಬಲ್ಲದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು, ಊಟ ಬರುವುದು ತಡವಾದರೆ ಬೆವರು, ನಡುಕ, ಗೊಂದಲ ಶುರುವಾಗಿ ಪ್ರಜ್ಞೆ ತಪ್ಪಬಹುದು. ಸುತ್ತಲಿನವರು ದಣಿವೆಂದೋ ಭಯವೆಂದೋ ತಿಳಿದು ಮಲಗಿಸಿಬಿಟ್ಟರೆ ಅನಾಹುತವಾಗುತ್ತದೆ.

ಇವುಗಳ ಮೇಲೆ ವಾಂತಿಭೇದಿ, ಜ್ವರ, ಬರಿಗಾಲಲ್ಲಿ ಕೆಸರು ತುಳಿದ ಗಾಯ. ಸಕ್ಕರೆ ಏರಿದಾಗ ಸೋಂಕು ಬೇಗ ಹಿಡಿಯುತ್ತದೆ. ಸೋಂಕು ಹಿಡಿದರೆ ಸಕ್ಕರೆ ಇನ್ನೂ ಏರುತ್ತದೆ. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಗಾಜು ಚುಚ್ಚಿದ್ದೂ ತಿಳಿಯುವುದಿಲ್ಲ.

ಕೋಬೆ ಮತ್ತು ನ್ಯೂ ಆರ್ಲಿಯನ್ಸ್ ಹೇಳುವುದು

ಇದು ನಮ್ಮ ಊಹೆಯಷ್ಟೇ ಅಲ್ಲ. ಜಗತ್ತಿನ ಬೇರೆಡೆ ವೈದ್ಯರು ಇದನ್ನು ಅಳೆದು ನೋಡಿದ್ದಾರೆ. ಅಳೆಯಲು ಅವರು ಬಳಸಿದ್ದು ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಇದು ತಿಳಿಸುತ್ತದೆ. ಇದು 6.5 ಅಥವಾ ಹೆಚ್ಚಿದ್ದರೆ ಮಧುಮೇಹ. ಕಾಯಿಲೆ ಇದ್ದವರಲ್ಲಿ ಹೆಚ್ಚಿನವರಿಗೆ 7ರ ಆಸುಪಾಸಿನಲ್ಲಿ ಇಟ್ಟುಕೊಳ್ಳಿ ಎಂದು ವೈದ್ಯರು ಹೇಳುತ್ತಾರೆ.

1995ರ ಜನವರಿ 17ರಂದು ಜಪಾನಿನ ಕೋಬೆ ನಗರ ಭೂಕಂಪದಿಂದ ತತ್ತರಿಸಿತು. ನಂತರದ ತಿಂಗಳುಗಳಲ್ಲಿ ಅಲ್ಲಿನ ಮಧುಮೇಹಿಗಳ ಸಕ್ಕರೆ ಹತೋಟಿ ತಪ್ಪಿದ್ದು ಕಂಡುಬಂತು. ಮನೆ ಕಳೆದುಕೊಂಡವರಲ್ಲಿ, ಬಂಧುಗಳ ಸಾವುನೋವು ಕಂಡವರಲ್ಲಿ ಅದು ಹೆಚ್ಚು. ಮನಸ್ಸಿನ ಪೆಟ್ಟು ರಕ್ತದಲ್ಲಿ ಕಾಣಿಸಿತ್ತು.

ಇನ್ನೂ ದೊಡ್ಡ ಪಾಠ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ್ದು. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ಆ ನಗರವನ್ನು ಮುಳುಗಿಸಿತು. ಸುಮಾರು 1,800 ಮಧುಮೇಹಿಗಳ ದಾಖಲೆಗಳನ್ನು ಚಂಡಮಾರುತಕ್ಕೆ ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ವೈದ್ಯರು ಹೋಲಿಸಿ ನೋಡಿದರು. ಬಡವರು ನೆಚ್ಚಿಕೊಂಡಿದ್ದ ಸಾರ್ವಜನಿಕ ಆಸ್ಪತ್ರೆಯ ರೋಗಿಗಳಲ್ಲಿ ಸರಾಸರಿ 7.7 ಇದ್ದದ್ದು 8.3ಕ್ಕೆ ಏರಿತ್ತು. ಆದರೆ ಅದೇ ಊರಿನ, ಅದೇ ಚಂಡಮಾರುತ ಕಂಡ, ಮಾಜಿ ಸೈನಿಕರ ಆಸ್ಪತ್ರೆಯ ರೋಗಿಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಇರಲಿಲ್ಲ. ಖಾಸಗಿ ಆಸ್ಪತ್ರೆಯ ರೋಗಿಗಳಲ್ಲಿಯೂ ಇರಲಿಲ್ಲ.

ಇದೇಕೆ ಹೀಗೆ? ಗಾಳಿ ಒಂದೇ, ನೀರು ಒಂದೇ, ಭಯವೂ ಒಂದೇ. ಬೇರೆಯಾಗಿದ್ದದ್ದು ಆಮೇಲೆ ಸಿಕ್ಕ ಆಸರೆ. ಸಾರ್ವಜನಿಕ ಆಸ್ಪತ್ರೆ ವ್ಯವಸ್ಥೆ ಕುಸಿಯಿತು; ಅದರ ಹಳೆಯ ಚಾರಿಟಿ ಆಸ್ಪತ್ರೆ ಮತ್ತೆ ತೆರೆಯಲೇ ಇಲ್ಲ. ಮಾಜಿ ಸೈನಿಕರ ದಾಖಲೆಗಳಾದರೋ ಗಣಕಯಂತ್ರದಲ್ಲಿದ್ದವು. ಅವರು ದೇಶದ ಯಾವ ಊರಿಗೆ ವಲಸೆ ಹೋದರೂ ಅಲ್ಲಿನ ಅದೇ ಇಲಾಖೆಯ ಆಸ್ಪತ್ರೆಯಲ್ಲಿ ಅವರ ಔಷಧ ಯಾವುದೆಂದು ತಿಳಿಯುತ್ತಿತ್ತು. ನಾವು ಅರ್ಥಮಾಡಿಕೊಂಡಂತೆ ಇದರ ಸಾರಾಂಶ ಇಷ್ಟೆ: ವಿಕೋಪ ಎಲ್ಲರ ಮೇಲೂ ಎರಗುತ್ತದೆ, ಆದರೆ ಔಷಧ, ಚೀಟಿ, ವೈದ್ಯರು ಎಂಬ ಸರಪಳಿ ಕಡಿದುಹೋದವರ ಸಕ್ಕರೆ ಹೆಚ್ಚು ಕೆಡುತ್ತದೆ. ವಿಕೋಪವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಸರಪಳಿ ಕಡಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಸದ್ದಿಲ್ಲದ ವಿಕೋಪ

ಈಗ ಮತ್ತೆ ದುರ್ಗದ ಸೀಮೆಗೆ ಬರೋಣ. ನೆರೆಗೆ ಸದ್ದಿದೆ, ಚಿತ್ರವಿದೆ, ದೂರದರ್ಶನದ ಕ್ಯಾಮೆರಾ ಇದೆ. ಬರಕ್ಕೆ ಇವೇನೂ ಇಲ್ಲ. ಅದು ತಿಂಗಳುಗಟ್ಟಲೆ ಕೂತು ತಿನ್ನುತ್ತದೆ. ಸರಪಳಿ ಒಂದೇ ರಾತ್ರಿಯಲ್ಲಿ ಕಡಿಯುವುದಿಲ್ಲ. ಒಂದೊಂದೇ ಕೊಂಡಿ ಸವೆಯುತ್ತದೆ.

ಬೆಳೆ ಹೋದಾಗ ಮನೆಯವರು ಮೊದಲು ಕಡಿಮೆ ಮಾಡುವುದು ತರಕಾರಿ, ಬೇಳೆ, ಹಾಲು. ಪಡಿತರದ ಅಕ್ಕಿ ಇದೆಯಲ್ಲ, ಹೊಟ್ಟೆಯೇನೋ ತುಂಬುತ್ತದೆ. ಇದು ಸಣ್ಣ ಉಪಕಾರವಲ್ಲ. ಹಸಿವಿನಿಂದ ಸಾಯುವ ಕಾಲವನ್ನು ಪಡಿತರ ದೂರ ಮಾಡಿತು. ಆದರೆ ರಾಗಿ, ಜೋಳ, ನವಣೆ, ಸಾಮೆ ಉಂಡು ಬೆಳೆದ ನಾಡು ಅದು. ಹೊಸದುರ್ಗದ ಕಡೆ ಸಾಮೆ ಬೆಳೆಯುವ ಹೊಲಗಳು ಇಂದಿಗೂ ಇವೆ. ಮೂರು ಹೊತ್ತೂ ಬಿಳಿ ಅಕ್ಕಿಯ ಅನ್ನ, ತಿಳಿಸಾರು ಆದಾಗ ಮಧುಮೇಹಿಗೆ ಕಷ್ಟ. ಹಾಗೆಂದು ಮುದ್ದೆ ಉಂಡರೆ ಸಕ್ಕರೆ ಕಾಯಿಲೆಯೇ ಬರದು ಎಂಬ ಮಾತನ್ನೂ ನಾವು ಒಪ್ಪುವುದಿಲ್ಲ. ರಾಗಿಯಲ್ಲೂ ಪಿಷ್ಟವೇ ಇರುವುದು. ದೊಡ್ಡ ಮುದ್ದೆ ಎರಡು ಉಂಡರೆ ಸಕ್ಕರೆ ಏರುತ್ತದೆ. ತಟ್ಟೆಯಲ್ಲಿ ಸೊಪ್ಪು, ಕಾಳು, ಬೇಳೆ ಎಷ್ಟಿದೆ ಎಂಬುದೂ ಅಷ್ಟೇ ಮುಖ್ಯ. ಬರ ಮೊದಲು ಕಸಿದುಕೊಳ್ಳುವುದು ಅದನ್ನೇ.

ಆಮೇಲೆ ದುಡ್ಡು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗಬಹುದು. ಹೋಗಿಬರುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಯಾರು ಕೊಡುತ್ತಾರೆ? ಹಾಗಾಗಿ ಎರಡು ಹೊತ್ತಿನ ಮಾತ್ರೆ ಒಂದು ಹೊತ್ತಿಗೆ ಇಳಿಯುತ್ತದೆ, ಒಂದು ಹೊತ್ತಿನದು ದಿನ ಬಿಟ್ಟು ದಿನಕ್ಕೆ. ಬೆಂಗಳೂರಿಗೋ ಬೇರೆ ಊರಿಗೋ ಕೂಲಿಗೆ ಗುಳೆ ಹೋದವರಿಗಂತೂ ಹೊಸ ಊರಿನಲ್ಲಿ ಯಾವ ಆಸ್ಪತ್ರೆ, ಯಾವ ವೈದ್ಯರು? ಮನೆಯಲ್ಲಿ ಉಳಿದ ಮುದುಕ ಮುದುಕಿಯರಿಗೆ ಔಷಧ ತಂದುಕೊಡುವ ಮಕ್ಕಳೇ ಊರಲ್ಲಿಲ್ಲ.

ನೀರಿನ ಕೊರತೆ ಮತ್ತೊಂದು. ಸಕ್ಕರೆ ಏರಿದಾಗ ಮೂತ್ರ ಹೆಚ್ಚು, ಬಾಯಾರಿಕೆ ಹೆಚ್ಚು. ಬಿಸಿಲಲ್ಲಿ ನೀರು ಸಾಕಷ್ಟು ಕುಡಿಯದಿದ್ದರೆ ರಕ್ತದಲ್ಲಿ ಸಕ್ಕರೆ ಇನ್ನಷ್ಟು ಗಟ್ಟಿಯಾಗುತ್ತದೆ, ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಅನೇಕ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬಾವಿ ಆಳಕ್ಕೆ ಹೋದಷ್ಟೂ ಕುಡಿಯುವ ನೀರಿನ ಚಿಂತೆ ಹೆಚ್ಚು. ಟ್ಯಾಂಕರ್ ಬರುವ ದಿನ ಕಾದು, ಒಂದೊಂದು ಕೊಡಕ್ಕೂ ಲೆಕ್ಕ ಹಾಕುವ ಮನೆಯಲ್ಲಿ "ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ" ಎಂಬ ಸಲಹೆ ಹೇಗೆ ನಡೆದೀತು?

ಗಡಿಗೆಯೇ ಫ್ರಿಜ್ಜು

ಇನ್ಸುಲಿನ್ ಚುಚ್ಚಿಕೊಳ್ಳುವವರ ಪಾಡು ಬೇರೆಯೇ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕೆಂದು ಕಂಪನಿಗಳು ಹೇಳುತ್ತವೆ. ದುರ್ಗದ ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿ ದಾಟುವುದು ಅಪರೂಪವಲ್ಲ. ಮನೆಯಲ್ಲಿ ಫ್ರಿಜ್ ಇಲ್ಲ, ಇದ್ದರೂ ಕರೆಂಟಿಲ್ಲ. ನಮ್ಮ ಕರಾವಳಿಯಲ್ಲೂ ಗಾಳಿಮಳೆಗೆ ಕಂಬ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿರುವುದು ಹೊಸತೇನಲ್ಲ.

ಇಲ್ಲಿ ಒಂದು ಒಳ್ಳೆಯ ಸುದ್ದಿಯಿದೆ. 'ಗಡಿಗಳಿಲ್ಲದ ವೈದ್ಯರು' ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ ಕೂಡಿ ನಡೆಸಿದ ಪರೀಕ್ಷೆ 2021ರಲ್ಲಿ ಪ್ರಕಟವಾಯಿತು. ಕೀನ್ಯಾ ದೇಶದ ಉತ್ತರದ ಒಂದು ನಿರಾಶ್ರಿತರ ಶಿಬಿರದ ಮನೆಗಳಲ್ಲಿ ಇರುವ ಶಾಖವನ್ನು ಅಳೆದು, ಅದೇ 25ರಿಂದ 37 ಡಿಗ್ರಿಯ ಏರಿಳಿತದಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ತನ್ನ ಗುಣ ಉಳಿಸಿಕೊಂಡಿತ್ತು ಎಂದು ಕಂಡುಬಂತು. ಅಂದರೆ ಫ್ರಿಜ್ ಇಲ್ಲವೆಂದು ಇನ್ಸುಲಿನ್ ಬಿಡಬೇಕಾಗಿಲ್ಲ. ಶಾಖ 37 ದಾಟದಂತೆ ನೋಡಿಕೊಂಡರಾಯಿತು. ಅದಕ್ಕೆ ನಮ್ಮ ಹಿರಿಯರ ಮಣ್ಣಿನ ಗಡಿಗೆ ಸಾಕು. ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಲ್ಲಿ, ಗಾಳಿಯಾಡುವಲ್ಲಿ ಇಟ್ಟರೆ ಒಳಗೆ ತಂಪಿರುತ್ತದೆ. ಬಾಟಲಿಗೆ ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಒಣ ಹವೆಯ ದುರ್ಗದ ಸೀಮೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ; ತೇವ ಹೆಚ್ಚಿರುವ ನಮ್ಮ ಕರಾವಳಿಯಲ್ಲಿ ಅಷ್ಟು ತಂಪಾಗದು, ಆದರೂ ಬಿಸಿಲಿಗಿಂತ ಮೇಲು. ಐಸಿನ ಮೇಲೆ ನೇರವಾಗಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಗರ್ಭದಲ್ಲೇ ಬರೆದ ಬರ

ವಿಕೋಪದ ಲೆಕ್ಕ ಒಂದು ತಲೆಮಾರಿಗೆ ನಿಲ್ಲುತ್ತದೆಯೇ? 1944-45ರ ಚಳಿಗಾಲದಲ್ಲಿ, ಎರಡನೆಯ ಮಹಾಯುದ್ಧದ ಕೊನೆಗೆ, ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಬಾರದಂತೆ ಜರ್ಮನ್ ಸೈನ್ಯ ತಡೆಯಿತು. ಆ ಹಸಿವಿನ ತಿಂಗಳುಗಳಲ್ಲಿ ತಾಯಿಯ ಗರ್ಭದಲ್ಲಿದ್ದ ಮಕ್ಕಳನ್ನು ಅವರ ಐವತ್ತನೆಯ ವಯಸ್ಸಿನ ಸುಮಾರಿಗೆ ಪರೀಕ್ಷಿಸಿದಾಗ, ಸಕ್ಕರೆಯನ್ನು ಅರಗಿಸುವ ಶಕ್ತಿ ಅವರಲ್ಲಿ ಕಡಿಮೆ ಇತ್ತು. ಇದು ಪ್ರಕಟವಾದದ್ದು 1998ರಲ್ಲಿ. ಹಸಿವನ್ನೇ ನಿರೀಕ್ಷಿಸಿ ರೂಪುಗೊಂಡ ದೇಹಕ್ಕೆ ಆಮೇಲೆ ತಿನ್ನಲು ಸಾಕಷ್ಟು ಸಿಕ್ಕಾಗ ಅದನ್ನು ನಿಭಾಯಿಸಲಾಗದು ಎಂಬುದು ವಿಜ್ಞಾನಿಗಳ ವಿವರಣೆ.

ನಮ್ಮಲ್ಲೂ ಇಂಥ ಅಧ್ಯಯನ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಆ ಮಕ್ಕಳಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಪರೀಕ್ಷಿಸಲಾಯಿತು. ಫಲಿತಾಂಶ ಹಾಲೆಂಡಿನಂತೆ ನೇರವಾಗಿರಲಿಲ್ಲ. ತೂಕಕ್ಕೆ ಹೋಲಿಸಿದರೆ ಗಿಡ್ಡವಾಗಿ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿ ಕಂಡಿತು. ಆದ್ದರಿಂದ 'ನಮ್ಮ ಹಿರಿಯರು ಬರದಲ್ಲಿ ಬೆಂದರು, ಅದಕ್ಕೇ ನಮಗೆ ಶುಗರ್' ಎಂದು ಸುಲಭವಾಗಿ ಹೇಳಿಬಿಡಲಾಗದು. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಎಷ್ಟು ನರಳಿತೆಂದರೆ, 1871ರ ಜನಗಣತಿಯಲ್ಲಿ 50 ಲಕ್ಷವಿದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಆ ಹಸಿವು ಇಂದಿನ ನಮ್ಮ ರಕ್ತದಲ್ಲಿ ಉಳಿದಿದೆಯೇ ಎಂಬುದು ಸಾಬೀತಾದ ಮಾತಲ್ಲ. ಆದರೆ ಎರಡೂ ಅಧ್ಯಯನಗಳು ಒಂದು ವಿಷಯದಲ್ಲಿ ಕೂಡುತ್ತವೆ: ಬಸುರಿಯ ತಟ್ಟೆ, ಬಸುರಿಯ ಮೈ ಮುಂದಿನ ಐವತ್ತು ವರ್ಷಗಳ ಆರೋಗ್ಯವನ್ನು ಬರೆಯುತ್ತವೆ. ಬರದ ವರ್ಷದಲ್ಲಿ ಬಸುರಿಗೆ ಬೇಳೆ, ಸೊಪ್ಪು, ಮೊಟ್ಟೆ ಸಿಗುವಂತೆ ನೋಡುವುದು ಇಂದಿನ ದಾನವಲ್ಲ, ನಾಳಿನ ಔಷಧ.

ಜೀವ ಉಳಿದರೆ ಸಾಲದೇ?

'ಜೀವ ಉಳಿಸುವ ಹೊತ್ತಿನಲ್ಲಿ ಶುಗರ್ ನೋಡುತ್ತ ಕೂರುವುದೇ?' ಎಂದು ಕೆಲವರು ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಮೊದಲ ಗಂಟೆಗಳಲ್ಲಿ ದೋಣಿ, ಹಗ್ಗ, ಬಿಸಿ ಊಟವೇ ಮುಖ್ಯ. ಆದರೆ ಇನ್ಸುಲಿನ್ ಇಲ್ಲದೆ ಬದುಕಲಾರದ ಮಗುವಿಗೆ ಎರಡನೆಯ ದಿನವೇ ಜೀವ ಉಳಿಸುವ ದಿನ. ಸರ್ಕಾರದ ಪರಿಹಾರದ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ತೋಟದ ಬೆಳೆಗೆ 22,500 ಎಂದು 2022ರಲ್ಲಿ ನಿಗದಿಯಾಯಿತು. 2023ರ ಬರಕ್ಕೆ ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಬಿಡುಗಡೆ ಮಾಡಿದ್ದು ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ. ಬೆಳೆಗೆ ಅಳತೆಯಿದೆ, ಕೆಟ್ಟುಹೋದ ಮೈಗೆ ಹೆಕ್ಟೇರಿನಂಥ ಅಳತೆಯಿಲ್ಲ. ಮನೆಬಾಗಿಲಿಗೇ ಹೋಗಿ ಮಧುಮೇಹ, ರಕ್ತದೊತ್ತಡ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಿಸಿದ್ದು ಒಳ್ಳೆಯ ಹೆಜ್ಜೆ. ಇಂಥ ಮನೆಮನೆಯ ಪಟ್ಟಿ ಬರ, ನೆರೆಯ ಹೊತ್ತಿಗೆ ಕಾಳಜಿ ಕೇಂದ್ರದ ಮೇಜಿನ ಮೇಲೂ ಇರಬೇಕು ಎಂಬುದು ನಮ್ಮ ಆಗ್ರಹ.

ನಾವೇನು ಮಾಡಬಹುದು?

2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿಯಿತು. 2025ರ ಮೇ ಕೊನೆಯಲ್ಲಿ ಮಂಗಳೂರಿನ ಸುತ್ತಮುತ್ತ ಗುಡ್ಡ ಜರಿದು ಮಕ್ಕಳು ಸತ್ತರು. ನಮ್ಮ ಧರ್ಮಕೇಂದ್ರಗಳ ಸಭಾಭವನ, ಶಾಲೆಗಳು ಎಂದಾದರೊಂದು ದಿನ ಆಶ್ರಯ ಕೇಂದ್ರಗಳಾಗಬಹುದು. ಆಗ ಯಾರು, ಎಲ್ಲಿ, ಯಾವ ಔಷಧ ಎಂದು ಹುಡುಕುವುದಲ್ಲ, ಈಗಲೇ ತಿಳಿದಿರಬೇಕು.

ಮೊದಲನೆಯದು, ಒಂದು ನೋಟ್‌ಬುಕ್. ಪ್ರತಿ ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು, ಡಯಾಲಿಸಿಸ್‌ಗೆ ಹೋಗುವವರು, ಒಂಟಿಯಾಗಿರುವ ಮಧುಮೇಹಿ ಹಿರಿಯರು ಯಾರೆಂದು ಅವರ ಒಪ್ಪಿಗೆ ಪಡೆದು ಬರೆದಿಡಲಿ. ಎಲ್ಲ ಧರ್ಮದ ನೆರೆಹೊರೆಯವರೂ ಅದರಲ್ಲಿರಲಿ. ನೆರೆ ಬರುವಾಗ ಯಾರ ಮನೆ ಎಂದು ಕೇಳಿ ಬರುವುದಿಲ್ಲ. ಆ ಪುಸ್ತಕ ಹತ್ತು ಜನರ ಕೈಗೆ ಸಿಗಬಾರದು. ಕಾಯಿಲೆ ಅವರವರ ಸ್ವಂತ ವಿಷಯ.

ಎರಡನೆಯದು, ಒಂದು ಚೀಟಿ. ಔಷಧದ ಹೆಸರು, ಪ್ರಮಾಣ, ವೈದ್ಯರ ಫೋನ್ ಸಂಖ್ಯೆ ಬರೆದು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಆಧಾರ್ ಕಾರ್ಡಿನ ಜೊತೆ ಇಟ್ಟುಕೊಳ್ಳಲಿ. ಮೊಬೈಲಿನಲ್ಲಿ ಅದರ ಫೋಟೋ ಒಂದು ಮಗನಿಗೋ ಮಗಳಿಗೋ ಕಳಿಸಿರಲಿ. ಮಾಜಿ ಸೈನಿಕರನ್ನು ಉಳಿಸಿದ ಗಣಕಯಂತ್ರದ ಕೆಲಸವನ್ನು ನಮ್ಮಲ್ಲಿ ಈ ಚೀಟಿ ಮಾಡೀತು.

ಮೂರನೆಯದು, ಒಂದು ಡಬ್ಬಿ. ಮಳೆಗಾಲ ಶುರುವಾಗುವ ಮುನ್ನ ಎರಡು ವಾರದ ಮಾತ್ರೆ, ಸೂಜಿ, ಸಕ್ಕರೆ ನೋಡುವ ಯಂತ್ರದ ಪಟ್ಟಿಗಳು, ಸ್ವಲ್ಪ ಸಕ್ಕರೆ ಅಥವಾ ಗ್ಲೂಕೋಸ್, ಒಂದು ಜೊತೆ ಮುಚ್ಚಿದ ಚಪ್ಪಲಿ ಅದರಲ್ಲಿರಲಿ. ಸಕ್ಕರೆ ಇಳಿದು ನಡುಗುವವರಿಗೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬಹುದು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಾಲ್ಕನೆಯದು, ಪರಿಹಾರದ ಕಿಟ್. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು, ಸ್ತ್ರೀ ಸಂಘಟನೆಯವರು, ಯುವಜನರು ಕಿಟ್ ಕಟ್ಟುವಾಗ ಬಿಸ್ಕತ್ತಿನ ಪೊಟ್ಟಣಗಳಲ್ಲಿ ಅರ್ಧ ತೆಗೆದು ಹುರಿಗಡಲೆ, ನೆಲಗಡಲೆ, ಹೆಸರುಕಾಳು, ಬೇಳೆ ಹಾಕಲಿ. ದುರ್ಗದಂಥ ಸೀಮೆಗೆ ಕಳಿಸುವುದಾದರೆ ಅಕ್ಕಿಯ ಜೊತೆ ರಾಗಿ ಹಿಟ್ಟು ಇರಲಿ. ಭೇದಿ ಹತ್ತಿದ ಮಧುಮೇಹಿಗೆ ಓಆರ್‌ಎಸ್ ಕೊಡಲು ಹಿಂಜರಿಯುವುದು ಬೇಡ. ಅದರಲ್ಲಿ ಸಕ್ಕರೆ ಇದೆಯೆಂದು ನಿಲ್ಲಿಸಿದರೆ ನೀರಿಲ್ಲದೆ ಆಗುವ ಅಪಾಯವೇ ದೊಡ್ಡದು. ಕುಡಿಸುತ್ತ ಸಕ್ಕರೆ ನೋಡಿಕೊಂಡು ವೈದ್ಯರಿಗೆ ತೋರಿಸಿದರಾಯಿತು. ಊಟ ಸೇರದ ದಿನ ಇನ್ಸುಲಿನ್ ಅಥವಾ ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಹೆಚ್ಚಿಸಲೂಬಾರದು. ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಂಡಿರಬೇಕು.

ಐದನೆಯದು, ಮೂರು ತಿಂಗಳ ನಂತರದ ಭೇಟಿ. ನೆರೆ ಇಳಿದ ವಾರ ಎಲ್ಲರೂ ಹೋಗುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಮೂರು ತಿಂಗಳಾದ ಮೇಲೆ ಯಾರು ಹೋಗುತ್ತಾರೆ? ಕೋಬೆಯಲ್ಲಿ ಸಕ್ಕರೆ ಕೆಟ್ಟದ್ದು ತಿಳಿದದ್ದು ತಿಂಗಳುಗಳ ನಂತರ. ಒಂದು ಎಚ್‌ಬಿಎ1ಸಿ ಪರೀಕ್ಷೆ, ಪಾದಗಳ ಒಂದು ತಪಾಸಣೆ, "ರಾತ್ರಿ ನಿದ್ದೆ ಬರುತ್ತದೆಯೇ?" ಎಂಬ ಒಂದು ಪ್ರಶ್ನೆ. ಇಷ್ಟನ್ನು ಮಾಡಲು ದೊಡ್ಡ ಹಣ ಬೇಡ, ನೆನಪಿದ್ದರೆ ಸಾಕು.

ಮದಕರಿಪುರದ ಸೀಮೆಯಲ್ಲಿ ಮಳೆ ಯಾವಾಗ ಬರುವುದೋ, ಯಾವಾಗ ಹೋಗುವುದೋ ಯಾರಿಗೂ ತಿಳಿಯದು. ಅಲ್ಲಿನವರು ಅದನ್ನು ತಿಳಿದೇ ಕಾಳನ್ನು ಕಣಜದಲ್ಲಿ, ನೀರನ್ನು ಹೊಂಡದಲ್ಲಿ ಕೂಡಿಡುತ್ತ ಬಂದರು. ಚಿತ್ರದುರ್ಗದ ಕೋಟೆಯ ಮೇಲೆ ಒಂದರಿಂದೊಂದಕ್ಕೆ ನೀರು ಇಳಿಯುವಂತೆ ಕಟ್ಟಿದ ಹೊಂಡಗಳು ಇಂದಿಗೂ ಇವೆ. ಬರ ಬಂದ ಮೇಲೆ ಅವನ್ನು ತೋಡಿದ್ದಲ್ಲ, ಬರುವ ಮುನ್ನ ತೋಡಿದ್ದು. ನಮ್ಮ ನೋಟ್‌ಬುಕ್ಕನ್ನೂ ಹಾಗೆಯೇ ಈ ಮಳೆಗಾಲಕ್ಕೆ ಮುನ್ನ ಬರೆಯೋಣ.